ಒಂದೂವರೆ ಮಿಲಿಮೀಟರ್ ಮರ

ಯುಕುಲೆಲೆ ಎಂಬ ನಾಲ್ಕು ತಂತಿಯ ಪುಟ್ಟ ವಾದ್ಯದ ಮರದ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವುದು ಹೆಸರುಗಳು. ಹವಾಯಿಯ ಕೋಆ ಮರ ಎಂದರೆ ಸಿಹಿ ದನಿ, ಮಹಾಗನಿ ಎಂದರೆ ಬೆಚ್ಚನೆಯದು, ಸ್ಪ್ರೂಸ್ ಚುರುಕು, ಸೀಡರ್ ಮೃದು. ಇವು ಸುಳ್ಳಲ್ಲ. ಆದರೆ ಒಂದೇ ಕೋಆ ದಿಮ್ಮಿಯಿಂದ ಸೀಳಿದ ಎರಡು ಹಲಗೆಗಳನ್ನು ಒಂದೊಂದಾಗಿ ಎತ್ತಿ ತಟ್ಟಿ ನೋಡಿ. ತುದಿಯಿಂದ ಉದ್ದದ ಐದನೇ ಒಂದು ಪಾಲಿಗಿಂತ ತುಸು ಒಳಗೆ, 40 ಸೆಂ.ಮೀ. ಹಲಗೆಯಾದರೆ ಸುಮಾರು 9 ಸೆಂ.ಮೀ. ಒಳಗೆ, ಅಂಚನ್ನು ಎರಡೇ ಬೆರಳಲ್ಲಿ ಹಿಡಿದು ಇಳಿಬಿಡಬೇಕು. ಹಲಗೆ ಬಾಗಿ ಅದುರುವಾಗ ಅಲುಗದೆ ಇರುವ ಜಾಗ ಅದು, ಹಾಗಾಗಿ ಬೆರಳು ಕಂಪನವನ್ನು ಕೊಲ್ಲುವುದಿಲ್ಲ. ಈಗ ಗೆಣ್ಣಿನಿಂದ ನಡುವೆ ತಟ್ಟಿದರೆ ಒಂದು ಹಲಗೆ ಠಣ್ ಎಂದು ಕೊಂಚ ಹೊತ್ತು ಮೊಳಗುತ್ತದೆ, ಇನ್ನೊಂದು ಧಪ್ ಎಂದು ಅಲ್ಲೇ ಸುಮ್ಮನಾಗುತ್ತದೆ. ದಿಮ್ಮಿ ಒಂದೇ, ಹೆಸರು ಒಂದೇ, ದನಿ ಮಾತ್ರ ಬೇರೆ.

ಆ ವ್ಯತ್ಯಾಸ ಬರುವುದು ಮೂರು ಸಂಗತಿಗಳಿಂದ. ಹಲಗೆ ಎಷ್ಟು ಭಾರ, ಬಾಗಿಸಲು ಹೋದರೆ ಎಷ್ಟು ಬಿರುಸಾಗಿ ಎದುರು ನಿಲ್ಲುತ್ತದೆ, ತನ್ನೊಳಗೆ ಬಂದ ಕಂಪನವನ್ನು ಎಷ್ಟು ಬೇಗ ತಾನೇ ನುಂಗಿಕೊಳ್ಳುತ್ತದೆ. ಮರದ ಹೆಸರು ಈ ಮೂರರ ಸರಾಸರಿ ಅಂದಾಜನ್ನು ಕೊಡುತ್ತದೆ, ಅಷ್ಟೆ. ಕೈಯಲ್ಲಿರುವ ಹಲಗೆ ಆ ಸರಾಸರಿಯಿಂದ ಎಷ್ಟು ದೂರ ನಿಂತಿದೆ, ಅದನ್ನು ಎಷ್ಟು ತೆಳ್ಳಗೆ ಕೀಸಲಾಗಿದೆ, ಒಳಗಿನಿಂದ ಯಾವ ಪಟ್ಟಿ ಅದನ್ನು ಹಿಡಿದಿದೆ ಎಂಬುದರ ಮೇಲೆ ಉಳಿದೆಲ್ಲ ನಿಂತಿದೆ.

ತಂತಿಯ ಕಡೆಯಿಂದ ಯೋಚಿಸಿದರೆ ಇದು ಸುಲಭವಾಗಿ ತಿಳಿಯುತ್ತದೆ. ನೈಲಾನ್ ತಂತಿ ತಾನಾಗಿ ಏನೂ ಸದ್ದು ಮಾಡುವುದಿಲ್ಲ. ಅಷ್ಟು ಸಣ್ಣ ಎಳೆ ಗಾಳಿಯನ್ನು ಎಷ್ಟು ತಾನೇ ಅಲುಗಿಸೀತು. ಅದು ತಂತಿ ಕಟ್ಟುವ ಮರದ ತುಂಡಾದ ಬ್ರಿಡ್ಜನ್ನು ಎಳೆದಾಡುತ್ತದೆ, ಬ್ರಿಡ್ಜ್ ತಾನು ಅಂಟಿಕೊಂಡಿರುವ ಮೇಲ್ಹಲಗೆಯನ್ನು, ಅಂದರೆ ಪೆಟ್ಟಿಗೆಯ ಮುಖದ ಹಲಗೆಯನ್ನು, ಮೇಲೆ ಕೆಳಗೆ ಬಾಗಿಸುತ್ತದೆ, ಹಲಗೆ ಗಾಳಿಯನ್ನು ತಳ್ಳುತ್ತದೆ. ಬೆರಳು ಒಮ್ಮೆ ಮೀಟಿದಾಗ ತಂತಿಗೆ ಸಿಕ್ಕ ಶಕ್ತಿ ಇಷ್ಟೇ ಎಂದು ನಿಗದಿಯಾಗಿಬಿಟ್ಟಿದೆ. ಹಗುರವಾದ, ಸುಲಭವಾಗಿ ಬಾಗುವ ಹಲಗೆ ಆ ಶಕ್ತಿಯನ್ನು ಬೇಗ ಎಳೆದುಕೊಂಡು ಬೇಗ ಖರ್ಚು ಮಾಡುತ್ತದೆ: ದನಿ ಜೋರು, ಆಯುಸ್ಸು ಕಡಿಮೆ. ಭಾರದ, ಬಿರುಸಾದ ಹಲಗೆ ಹನಿಹನಿಯಾಗಿ ಪಡೆಯುತ್ತದೆ: ದನಿ ಸಣ್ಣದು, ಆದರೆ ಬಹಳ ಹೊತ್ತು ನಿಲ್ಲುತ್ತದೆ. ಜೋರೂ ಇರಬೇಕು, ಉದ್ದವೂ ನಿಲ್ಲಬೇಕು ಎಂದು ಕೇಳುವವರಿಗೆ ಉಳಿಯುವ ದಾರಿ ಒಂದೇ. ಮರ ತನ್ನೊಳಗೇ ಬಿಸಿಯಾಗಿ ನುಂಗಿಬಿಡುವ ಪಾಲನ್ನು ಕಡಿಮೆ ಮಾಡಬೇಕು. ಧಪ್ ಎನ್ನುವ ಹಲಗೆ ನುಂಗುವ ಹಲಗೆ. ಅದು ಜೋರನ್ನೂ ಕೊಡುವುದಿಲ್ಲ, ಉದ್ದವನ್ನೂ ಕೊಡುವುದಿಲ್ಲ.

ಇನ್ನು ಅಂಕಿಗಳಿಗೆ ಬರೋಣ. ಸಿಟ್ಕಾ ಸ್ಪ್ರೂಸಿನ ಸಾಂದ್ರತೆ ಘನ ಮೀಟರಿಗೆ ಸುಮಾರು 425 ಕೆ.ಜಿ., ನಾರಿನ ಉದ್ದಕ್ಕೆ ಅದರ ಬಿರುಸು ಸುಮಾರು 11 ಗಿಗಾಪಾಸ್ಕಲ್ (ಬಿರುಸನ್ನು ಅಳೆಯುವ ಮಾನ). ಕೋಆ ಸುಮಾರು 610 ಕೆ.ಜಿ., ಬಿರುಸು 10.4. ಹೊಂಡುರಾಸ್ ಮಹಾಗನಿ 590 ಕೆ.ಜಿ., ಬಿರುಸು 10. ಅಂದರೆ ಒಂದೇ ದಪ್ಪದ ಸ್ಪ್ರೂಸ್ ಮತ್ತು ಕೋಆ ಹಲಗೆಗಳು ಬಾಗುವ ವಿಷಯದಲ್ಲಿ ಹೆಚ್ಚುಕಡಿಮೆ ಸಮ. ತೂಕದಲ್ಲಿ ಮಾತ್ರ ಸ್ಪ್ರೂಸ್ ಮೂರರಲ್ಲಿ ಒಂದು ಪಾಲಿನಷ್ಟು ಹಗುರ. ಸ್ಪ್ರೂಸ್ ಮೇಲ್ಹಲಗೆಯ ಯುಕುಲೆಲೆಗೆ ಜೋರು, ಚುರುಕು ಎಂಬ ಹೆಸರು ಬಂದಿರುವುದು ಇದರಿಂದಲೇ. ನಾರಿನ ಉದ್ದಕ್ಕೆ ಸದ್ದು ಓಡುವ ವೇಗವನ್ನು ಇದೇ ಅಂಕಿಗಳಿಂದ ಲೆಕ್ಕ ಹಾಕಬಹುದು: ಸ್ಪ್ರೂಸಿನಲ್ಲಿ ಸೆಕೆಂಡಿಗೆ ಸುಮಾರು 5,100 ಮೀಟರ್, ಕೋಆ ಮತ್ತು ಮಹಾಗನಿ ಎರಡರಲ್ಲೂ 4,100ರ ಆಸುಪಾಸು. ಕೋಆ ಮತ್ತು ಮಹಾಗನಿಯ ಅಂಕಿಗಳು ಇಷ್ಟು ಹತ್ತಿರ ಇರುವುದನ್ನು ಗಮನಿಸಬೇಕು. ಕಣ್ಣುಮುಚ್ಚಿ ಕೇಳಿದಾಗ ಇವೆರಡನ್ನು ಬೇರ್ಪಡಿಸಲು ಕಷ್ಟವಾಗುವುದರಲ್ಲಿ ಆಶ್ಚರ್ಯವೇನಿಲ್ಲ.

ಸೀಡರ್ ಲೆಕ್ಕ ಬೇರೆ. ಅದು 370 ಕೆ.ಜಿ. ಮಾತ್ರ, ಆದರೆ ಬಿರುಸು 7.7ಕ್ಕೆ ಇಳಿದಿದೆ. ಸ್ಪ್ರೂಸಿನಷ್ಟೇ ಗಟ್ಟಿಯಾಗಿ ನಿಲ್ಲಬೇಕಾದರೆ ಸೀಡರನ್ನು ಸುಮಾರು ನೂರಕ್ಕೆ 13ರಷ್ಟು ದಪ್ಪ ಬಿಡಬೇಕು, 2 ಮಿ.ಮೀ. ಜಾಗದಲ್ಲಿ 2.25. ಹಾಗೆ ಬಿಟ್ಟಾಗ ಎರಡರ ತೂಕವೂ ಸಮಕ್ಕೆ ಬಂದುಬಿಡುತ್ತದೆ. ಸೀಡರನ್ನು ಸ್ಪ್ರೂಸಿನ ಅಳತೆಗೇ ಕೀಸಿದರೆ ಮೊದಲ ತಿಂಗಳು ದನಿ ಬಲು ಚೆನ್ನ, ಆಮೇಲೆ ಬ್ರಿಡ್ಜಿನ ಹಿಂದೆ ಹೊಟ್ಟೆ ಉಬ್ಬುತ್ತದೆ, ಬ್ರಿಡ್ಜಿನ ಮುಂದೆ ತಗ್ಗು ಬೀಳುತ್ತದೆ. ಇನ್ನು ಬೀಟೆ: ಘನ ಮೀಟರಿಗೆ 830 ಕೆ.ಜಿ., ಬಿರುಸು 11.5. ಸ್ಪ್ರೂಸಿನಷ್ಟೇ ಬಿರುಸು, ತೂಕ ಎರಡರಷ್ಟು. ತಟ್ಟಿದರೆ ಗಾಜಿನಂತೆ ಮೊಳಗುವ ಮರ ಅದು, ಆದರೂ ಮೇಲ್ಹಲಗೆಯಾಗಿ ಇಷ್ಟು ಪುಟ್ಟ ವಾದ್ಯಕ್ಕೆ ಭಾರವಾಗುತ್ತದೆ. ಬೆನ್ನಿಗೆ, ಬೆರಳೊತ್ತುವ ಫಿಂಗರ್‌ಬೋರ್ಡಿಗೆ, ಬ್ರಿಡ್ಜಿಗೆ ಅದು ಸರಿ.

ದಪ್ಪದ ಮಾತಿಗೆ ನಾನು ಹೆಚ್ಚು ಹೊತ್ತು ಕೊಡುತ್ತೇನೆ, ಏಕೆಂದರೆ ದನಿಯ ಬಹುಪಾಲು ಅಲ್ಲೇ ಗಳಿಕೆಯಾಗುತ್ತದೆ ಅಥವಾ ಕಳೆದುಹೋಗುತ್ತದೆ. ಹಲಗೆಯ ತೂಕ ದಪ್ಪಕ್ಕೆ ತಕ್ಕಂತೆ ಇಳಿಯುತ್ತದೆ. ಬಿರುಸು ದಪ್ಪದ ಘನಕ್ಕೆ ತಕ್ಕಂತೆ ಇಳಿಯುತ್ತದೆ. 2 ಮಿ.ಮೀ. ಹಲಗೆಯನ್ನು 1.8ಕ್ಕೆ ತಂದರೆ ತೂಕ ಹತ್ತರಲ್ಲಿ ಒಂದು ಪಾಲು ಕಡಿಮೆಯಾಯಿತು, ಬಿರುಸು ಆಗಲೇ ಕಾಲು ಪಾಲಿಗಿಂತ ಹೆಚ್ಚು ಹೋಯಿತು. 1.6ಕ್ಕೆ ತಂದರೆ ಬಿರುಸು ಅರ್ಧಕ್ಕೆ ಬಂತು. ಕಣ್ಣಿಗೆ ಕಾಣದ 0.2 ಮಿ.ಮೀ. ಅಂತರ ಕಿವಿಗೆ ಬೇರೆಯದೇ ವಾದ್ಯವಾಗಿ ಕೇಳುತ್ತದೆ. ಹಾಗಾಗಿ ಕೊನೆಯ ಹಂತದಲ್ಲಿ ಕೀಸುಳಿಯನ್ನು ಕೆಳಗಿಟ್ಟು ಉಜ್ಜುಕಾಗದ ಹಿಡಿಯುವುದು ಒಳ್ಳೆಯದು; ಪ್ರತಿ ಸುತ್ತಿಗೂ ಅಳತೆ, ಪ್ರತಿ ಸುತ್ತಿಗೂ ತಟ್ಟುವಿಕೆ.

ಚಿಕ್ಕ ಗಾತ್ರದ ಯುಕುಲೆಲೆಯಾದ ಸೊಪ್ರಾನೊಗೆ ಕೋಆ ಅಥವಾ ಮಹಾಗನಿ ಮೇಲ್ಹಲಗೆ 1.5ರಿಂದ 1.8 ಮಿ.ಮೀ. ಒಳಗೆ ಬರುತ್ತದೆ. ಅದಕ್ಕಿಂತ ದೊಡ್ಡ ಗಾತ್ರದ ಟೆನರಿಗೆ ಸ್ಪ್ರೂಸ್ ಅಥವಾ ಸೀಡರ್ 1.8ರಿಂದ 2.2. ಬೆನ್ನು ಮೇಲ್ಹಲಗೆಗಿಂತ ಕೂದಲೆಳೆ ದಪ್ಪ, ಪಕ್ಕದ ಪಟ್ಟಿಗಳು 1.6ರಿಂದ 1.8. ಆದರೆ ಈ ಅಂಕಿಗಳನ್ನು ಕುರುಡಾಗಿ ಹಿಡಿಯಬಾರದು, ಏಕೆಂದರೆ ಹಲಗೆಯಿಂದ ಹಲಗೆಗೆ ಬಿರುಸು ಬದಲಾಗುತ್ತದೆ. ಅದನ್ನು ಅಳೆಯುವುದು ಕಷ್ಟದ ಕೆಲಸವೇನಲ್ಲ. 100 ಮಿ.ಮೀ. ಅಗಲ, 3 ಮಿ.ಮೀ. ದಪ್ಪಕ್ಕೆ ಸಮ ಮಾಡಿದ ಹಲಗೆಯನ್ನು 400 ಮಿ.ಮೀ. ಅಂತರದ ಎರಡು ಕೋಲುಗಳ ಮೇಲೆ ಮಲಗಿಸಿ, ಸರಿಯಾಗಿ ನಡುವೆ 500 ಗ್ರಾಂ ತೂಕ ಇಡಿ. ಸರಾಸರಿ ಕೋಆ ಅಥವಾ ಮಹಾಗನಿಯಾದರೆ ನಡುಭಾಗ ಸುಮಾರು 3 ಮಿ.ಮೀ. ತಗ್ಗುತ್ತದೆ. 4 ಮಿ.ಮೀ. ತಗ್ಗಿದರೆ ಅದು ಮೆತ್ತನೆಯ ಹಲಗೆ. ಅದೇ ಬಿರುಸು ಬೇಕೆಂದರೆ ದಪ್ಪವನ್ನು ನೂರಕ್ಕೆ ಹತ್ತರಷ್ಟು ಹೆಚ್ಚು ಬಿಡಬೇಕು, 1.6ರ ಜಾಗದಲ್ಲಿ 1.75. ಎರಡೂವರೆಯಷ್ಟೇ ತಗ್ಗಿದರೆ ಧೈರ್ಯವಾಗಿ 1.5ಕ್ಕೆ ಇಳಿಸಬಹುದು. ತೂಗುವುದನ್ನೂ ಮರೆಯಬಾರದು. ಒಂದೇ ಅಳತೆಯ ಎರಡು ಹಲಗೆ ಒಂದೇ ಸಮ ತಗ್ಗಿದರೆ, ಹಗುರವಾದದ್ದೇ ಮೇಲ್ಹಲಗೆ, ಭಾರದ್ದು ಬೆನ್ನು.

ಹಲಗೆಯನ್ನು ದಿಮ್ಮಿಯಿಂದ ಯಾವ ಕೋನದಲ್ಲಿ ಸೀಳಲಾಗಿದೆ ಎಂಬುದೂ ಇಲ್ಲೇ ಸೇರುತ್ತದೆ. ಹಲಗೆಯ ತುದಿಯನ್ನು ನೋಡಿದರೆ ಬೆಳವಣಿಗೆಯ ಉಂಗುರಗಳು ನೆಟ್ಟಗೆ ನಿಂತ ಗೆರೆಗಳಂತೆ ಕಂಡರೆ ಅದು ಕ್ವಾರ್ಟರ್ ಸೀಳು. ಅಡ್ಡ ಮಲಗಿದಂತೆ ಕಂಡರೆ ಚಪ್ಪಟೆ ಸೀಳು. ಯಾವ ಮರವೂ ನಾರಿಗೆ ಅಡ್ಡಲಾಗಿ ಉದ್ದಕ್ಕಿರುವಷ್ಟು ಬಿರುಸಾಗಿರುವುದಿಲ್ಲ. ಸಿಟ್ಕಾ ಸ್ಪ್ರೂಸಿನಲ್ಲಿ ಕ್ವಾರ್ಟರ್ ಸೀಳಿನ ಅಡ್ಡ ಬಿರುಸು ಉದ್ದದ ಬಿರುಸಿನ ನೂರಕ್ಕೆ 8ರಷ್ಟು, ಚಪ್ಪಟೆ ಸೀಳಿನಲ್ಲಿ ನೂರಕ್ಕೆ 4ರಷ್ಟೇ. ತೇವಕ್ಕೆ ಹಿಗ್ಗಿ ಕುಗ್ಗುವುದೂ ಚಪ್ಪಟೆ ಸೀಳಿನಲ್ಲಿ ಹೆಚ್ಚು. ಮಹಾಗನಿ ಈ ವಿಷಯದಲ್ಲಿ ಸಾಧು ಮರ. ಹಸಿಯಿಂದ ಪೂರ್ತಿ ಒಣಗುವವರೆಗೆ ಅದು ಒಂದು ದಿಕ್ಕಿಗೆ ನೂರಕ್ಕೆ 2.9, ಇನ್ನೊಂದಕ್ಕೆ 4.3ರಷ್ಟು ಮಾತ್ರ ಕುಗ್ಗುತ್ತದೆ; ಸಿಟ್ಕಾ ಸ್ಪ್ರೂಸ್ 4.3 ಮತ್ತು 7.5ರಷ್ಟು. ವಾದ್ಯ ತಯಾರಕರು ಮಹಾಗನಿಯನ್ನು ಮೆಚ್ಚುವುದಕ್ಕೆ ಅದರ ದನಿಯಷ್ಟೇ ಈ ಸಾಧುತನವೂ ಕಾರಣ.

ಅಲೆಅಲೆಯಾಗಿ ಹೊಳೆಯುವ ಕೋಆ ಬಗ್ಗೆ ಒಂದು ಮಾತು. ಆ ಅಲೆಗಳೆಂದರೆ ನಾರು ನೆಟ್ಟಗೆ ಓಡದೆ ಮೇಲೆ ಕೆಳಗೆ ಬಳುಕಿರುವುದು. ಬೆಳಕು ಅದರ ಮೇಲೆ ಆಡುವುದು ನೋಡಲು ಬಲು ಚೆಂದ. ಆದರೆ ಬಳುಕಿದ ನಾರು ಉದ್ದಕ್ಕೆ ಅಷ್ಟು ಬಿರುಸಾಗಿರುವುದಿಲ್ಲ, ಪಕ್ಕದ ಪಟ್ಟಿಯನ್ನು ಬಿಸಿ ಕೊಳವೆಗೆ ಒತ್ತಿ ಸೊಂಟದ ತಿರುವಿಗೆ ಬಗ್ಗಿಸುವಾಗ ಅಲ್ಲೇ ಸಿಡಿಯುತ್ತದೆ. ಹೆಚ್ಚು ಹಣ ಕೊಟ್ಟು ಅಲೆಯ ಕೋಆ ಕೊಂಡವರು ಕಣ್ಣಿಗೆ ಕೊಟ್ಟಿದ್ದಾರೆ. ದನಿಯೊಂದೇ ಬೇಕಾದವರಿಗೆ ನೆಟ್ಟ ನಾರಿನ ಸಾದಾ ಹಲಗೆ ಸಾಕು, ಎಷ್ಟೋ ಸಲ ಅದೇ ಮೇಲು.

ಕೋಆ ಯುಕುಲೆಲೆಯ ಮೊದಲ ಮರ ಆಗಿದ್ದು ಹೇಗೆ ಎಂಬುದರಲ್ಲೂ ಪಾಠವಿದೆ. 1879ರ ಆಗಸ್ಟಿನಲ್ಲಿ ರೇವನ್ಸ್‌ಕ್ರ್ಯಾಗ್ ಎಂಬ ಹಡಗು ಪೋರ್ಚುಗಲ್ಲಿನ ಮಡೈರಾ ದ್ವೀಪದಿಂದ ಕಬ್ಬಿನ ತೋಟಗಳಿಗೆ ಕೆಲಸಗಾರರನ್ನು ಹೊತ್ತು ಹೊನೊಲುಲುಗೆ ಬಂತು. ಅದರಲ್ಲಿದ್ದ ಮನುವೆಲ್ ನುನೆಸ್, ಆಗುಸ್ಟೊ ಡಿಯಾಸ್, ಜೋಸೆ ದೊ ಎಸ್ಪಿರಿಟೊ ಸಾಂಟೊ ಎಂಬ ಮೂವರು ಮರಗೆಲಸದವರು. ತಮ್ಮೂರಿನ ಮಶೆಟ್ ಎಂಬ ಪುಟ್ಟ ತಂತಿವಾದ್ಯವನ್ನು ಅವರು ಹವಾಯಿಯಲ್ಲಿ ಸಿಕ್ಕ ಮರದಲ್ಲಿ ಮಾಡತೊಡಗಿದರು. ಸಿಕ್ಕ ಮರ ಕೋಆ, ಆ ದ್ವೀಪಗಳಲ್ಲಿ ಬಿಟ್ಟರೆ ಬೇರೆಲ್ಲೂ ಸಹಜವಾಗಿ ಬೆಳೆಯದ ಅಕೇಶಿಯ ಕುಲದ ಮರ. ಹಲಗೆ ತೆಳುವಾಗಿತ್ತು, ಒಳಗೆ ಪಟ್ಟಿಗಳು ಕಡಿಮೆ, ವಾದ್ಯ ಹಗುರ. ಇಂದು ನಾವು ಯುಕುಲೆಲೆಯ ದನಿ ಎಂದು ಗುರುತಿಸುವುದು ಆ ರಚನೆಯ ದನಿಯನ್ನು.

ಅಮೆರಿಕದ ಮಾರ್ಟಿನ್ ಕಂಪನಿ 1907ರಲ್ಲಿ ಮೊದಲ ಬಾರಿ ಯುಕುಲೆಲೆ ಮಾಡಿದಾಗ ನಡೆದದ್ದು ಇದಕ್ಕೆ ಒಳ್ಳೆಯ ಸಾಕ್ಷಿ. ಗಿಟಾರಿನಲ್ಲಿ ಪಳಗಿದ ಕೈಗಳು ಗಿಟಾರಿನ ಹಾಗೆಯೇ ಸ್ಪ್ರೂಸ್ ಮೇಲ್ಹಲಗೆ ಹಾಕಿದವು, ಒಳಗೆ ಬ್ರೇಸುಗಳನ್ನು, ಅಂದರೆ ಹಲಗೆಯನ್ನು ಹಿಡಿದಿಡುವ ಪಟ್ಟಿಗಳನ್ನು, ಧಾರಾಳವಾಗಿ ಅಂಟಿಸಿದವು. ದನಿ ಮಂಕಾಯಿತು, ಪ್ರಯತ್ನ ಅಲ್ಲಿಗೇ ನಿಂತಿತು. 1915ರ ಸ್ಯಾನ್ ಫ್ರಾನ್ಸಿಸ್ಕೊ ವಸ್ತುಪ್ರದರ್ಶನದ ನಂತರ ಹವಾಯಿ ಸಂಗೀತದ ಹುಚ್ಚು ಹಬ್ಬಿದಾಗ ಅದೇ ಕಂಪನಿ ಮಹಾಗನಿಯಲ್ಲಿ, ಬ್ರೇಸುಗಳನ್ನು ತಗ್ಗಿಸಿ ಮತ್ತೆ ಮಾಡಿತು. ಆ ಸೊಪ್ರಾನೊಗಳನ್ನು ಇಂದಿಗೂ ಜನ ಹುಡುಕಿಕೊಂಡು ಹೋಗುತ್ತಾರೆ. ಇದನ್ನು ಓದಿ ಸ್ಪ್ರೂಸ್ ಕೆಟ್ಟದ್ದು ಎಂದು ತೀರ್ಮಾನಿಸಿದರೆ ತಪ್ಪು. ಇಂದು ಎಷ್ಟೋ ಒಳ್ಳೆಯ ಟೆನರುಗಳ ಮೇಲ್ಹಲಗೆ ಸ್ಪ್ರೂಸಿನದೇ. 1907ರಲ್ಲಿ ಕೆಟ್ಟದ್ದು ಲೆಕ್ಕ. ಗಿಟಾರಿನ ಉಕ್ಕಿನ ತಂತಿಗಳು ಸೇರಿ 70 ಕೆ.ಜಿ.ಗೂ ಮೀರಿ ಎಳೆಯುತ್ತವೆ, ಕ್ಲಾಸಿಕಲ್ ಗಿಟಾರಿನ ನೈಲಾನ್ ತಂತಿಗಳು 40ರ ಆಸುಪಾಸು. ಸೊಪ್ರಾನೊ ಯುಕುಲೆಲೆಯ ನಾಲ್ಕೂ ತಂತಿ ಸೇರಿ 10ರಿಂದ 15 ಕೆ.ಜಿ. ಮಾತ್ರ. ಇಷ್ಟು ಸಣ್ಣ ಎಳೆತಕ್ಕೆ ಅಷ್ಟು ಗಟ್ಟಿ ಚೌಕಟ್ಟು ಕಟ್ಟಿದರೆ ತಂತಿಗೆ ಹಲಗೆಯನ್ನು ಅಲುಗಿಸುವ ಶಕ್ತಿಯೇ ಸಾಲದು.

ಸೊಪ್ರಾನೊದ ಮೇಲ್ಹಲಗೆಗೆ ಒಳಗಿನಿಂದ ಬೇಕಾದದ್ದು ನಾದರಂಧ್ರದ ಮೇಲೊಂದು ಕೆಳಗೊಂದು ಅಡ್ಡ ಬ್ರೇಸು, ಬ್ರಿಡ್ಜಿನ ಅಡಿಗೆ ತೆಳುವಾದೊಂದು ತುಂಡು. ಅಷ್ಟೇ. ಟೆನರಿನಲ್ಲಿ ಹಲಗೆ ಅಗಲ, ಎಳೆತವೂ ಹೆಚ್ಚು. ಅಲ್ಲಿ ನಾದರಂಧ್ರದ ಕೆಳಗಿನಿಂದ ಬೀಸಣಿಗೆಯಂತೆ ಹರಡುವ ಮೂರರಿಂದ ಐದು ಸಣ್ಣ ಬ್ರೇಸುಗಳು ಬರುತ್ತವೆ, ಅಗಲ 4 ಮಿ.ಮೀ., ಎತ್ತರ 6ರಿಂದ 8, ತುದಿಗಳಲ್ಲಿ ಇಳಿಸಿ ಬಹುತೇಕ ಸೊನ್ನೆ. ಬ್ರೇಸಿನಲ್ಲಿಯೂ ಘನದ ನಿಯಮವೇ ಆಳುತ್ತದೆ: ಎತ್ತರ ಅರ್ಧ ಮಾಡಿದರೆ ಬಿರುಸು ಎಂಟರಲ್ಲಿ ಒಂದು ಪಾಲು, ಅಗಲ ಅರ್ಧ ಮಾಡಿದರೆ ಅರ್ಧ ಮಾತ್ರ. ಹಾಗಾಗಿ ತೂಕ ಇಳಿಸಬೇಕಾದಾಗ ಅಗಲ ಕೀಸಬೇಕು, ಬಿರುಸು ಇಳಿಸಬೇಕಾದಾಗ ಎತ್ತರ ಕೀಸಬೇಕು. ಬ್ರೇಸಿಗೆ ಗರಗಸದಲ್ಲಿ ಕೊಯ್ದ ಸ್ಪ್ರೂಸಿಗಿಂತ ಉಳಿಯಿಂದ ಸೀಳಿದ ಸ್ಪ್ರೂಸ್ ಮೇಲು, ಏಕೆಂದರೆ ಸೀಳು ನಾರನ್ನೇ ಹಿಂಬಾಲಿಸುತ್ತದೆ, ಒಂದು ನಾರೂ ನಡುವೆ ತುಂಡಾಗುವುದಿಲ್ಲ.

ಬ್ರಿಡ್ಜನ್ನು ಜನ ಮರೆಯುತ್ತಾರೆ. 1.6 ಮಿ.ಮೀ. ದಪ್ಪದ ಸೊಪ್ರಾನೊ ಮೇಲ್ಹಲಗೆ ಇಡಿಯಾಗಿ ಸುಮಾರು 30 ಗ್ರಾಂ ತೂಗುತ್ತದೆ, ಅದರಲ್ಲೂ ಚೆನ್ನಾಗಿ ಅದುರುವುದು ಕೆಳಗಿನ ಅಗಲ ಭಾಗ ಮಾತ್ರ. ಅದರ ನಟ್ಟನಡುವೆ 12 ಗ್ರಾಮಿನ ಎಬನಿ ಮರದ ಬ್ರಿಡ್ಜ್ ಕೂರಿಸಿದರೆ ಹಲಗೆಯನ್ನು ಅಷ್ಟು ಕಷ್ಟಪಟ್ಟು ತೆಳ್ಳಗೆ ಮಾಡಿದ್ದು ವ್ಯರ್ಥ. ಸೊಪ್ರಾನೊಗೆ ಮಹಾಗನಿ ಅಥವಾ ಕೋಆ ಬ್ರಿಡ್ಜು, 6ರಿಂದ 8 ಗ್ರಾಂ ಒಳಗೆ, ಸಾಕು. ಬ್ರಿಡ್ಜಿನ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಸಣ್ಣ ಪಟ್ಟಿಯಾದ ಸ್ಯಾಡಲ್ ಮೂಳೆಯದೋ ಪ್ಲಾಸ್ಟಿಕ್ಕಿನದೋ ಎಂಬ ಚರ್ಚೆಗಿಂತ ಅದು ತನ್ನ ತೋಡಿನ ತಳಕ್ಕೆ ಪೂರ್ತಿ ಕೂತಿದೆಯೇ ಎಂಬುದು ಮುಖ್ಯ. ಅಡಿಯಲ್ಲಿ ಒಂದು ಕಾಗದದಷ್ಟು ಸಂದಿ ಇದ್ದರೂ ಮರದ ಮೇಲೆ ಸುರಿದ ಶ್ರಮದ ಒಂದು ಪಾಲು ಅಲ್ಲೇ ಸೋರಿಹೋಗುತ್ತದೆ.

ಈಗ ಹೆಸರುಗಳಿಗೆ ಮರಳಿದರೆ ಅವುಗಳಿಗೆ ತಕ್ಕ ಜಾಗ ಸಿಗುತ್ತದೆ. ಮೇಲ್ಹಲಗೆ ಕೋಆ ಆದಾಗ ಮೀಟಿದ ಕ್ಷಣದ ತಟ್ಟು ಸ್ಪಷ್ಟ, ಮಧ್ಯದ ಸ್ವರಗಳು ಮುಂದೆ, ಇಳಿತ ಬೇಗ. ಕೈ ಬೀಸಿ ಬಾರಿಸುವವರಿಗೆ ಆ ಬೇಗದ ಇಳಿತ ವರವೇ. ಒಂದು ಹೊಡೆತದ ಬಾಲ ಮುಂದಿನ ಹೊಡೆತದ ಕಾಲಿಗೆ ಸಿಕ್ಕಿಕೊಳ್ಳುವುದಿಲ್ಲ. ಮಹಾಗನಿ ಅದೇ ಸ್ವಭಾವದ್ದು, ಮೂಲ ಸ್ವರದ ಜೊತೆಗೇ ಮೊಳಗುವ ಮೇಲಿನ ಉಪಸ್ವರಗಳು ತುಸು ಮಬ್ಬು. ಸ್ಪ್ರೂಸಿನಲ್ಲಿ ಉಪಸ್ವರಗಳು ಹೆಚ್ಚು ತೆರೆದುಕೊಳ್ಳುತ್ತವೆ, ಜೋರಾಗಿ ಬಾರಿಸಿದರೂ ದನಿ ಒಡೆಯುವುದಿಲ್ಲ. ಒಂದೊಂದೇ ತಂತಿ ಬಿಡಿಸಿ ನುಡಿಸುವ ಟೆನರಿಗೆ ನನ್ನ ಮೊದಲ ಆಯ್ಕೆ ಅದೇ. ಸೀಡರ್ ಮೆಲ್ಲನೆಯ ಬೆರಳಿಗೂ ಓಗೊಡುತ್ತದೆ, ಆದರೆ ಉಗುರು ತಗುಲಿದಲ್ಲೆಲ್ಲ ಗುಳಿ ಬೀಳುತ್ತದೆ. ಉಗುರಿನಿಂದ ಬೀಸಿ ಬಾರಿಸುವವರು ಸೀಡರ್ ಕೊಳ್ಳಬಾರದು. ಮಾವಿನ ಮರದ ಸಾಂದ್ರತೆ 675ರ ಹತ್ತಿರ, ಸದ್ದಿನ ವೇಗ ಕೋಆದಷ್ಟೇ. ಒಳ್ಳೆಯ ಹಲಗೆ ಆರಿಸಿ 1.5ಕ್ಕೆ ಇಳಿಸಿದರೆ ಅದು ಕೋಆ ಪಕ್ಕದಲ್ಲಿ ತಲೆ ತಗ್ಗಿಸಬೇಕಾಗಿಲ್ಲ.

ಬೆನ್ನು ಮತ್ತು ಪಕ್ಕಗಳ ಮರಕ್ಕೆ ಮಾರಾಟದ ಮಾತಿನಲ್ಲಿ ಸಿಗುವ ಮಹತ್ವ ಕಿವಿಯಲ್ಲಿ ಸಿಗುವುದಿಲ್ಲ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರು ಉಕ್ಕಿನ ತಂತಿಯ ಗಿಟಾರುಗಳನ್ನು ಒಂದೇ ವಿನ್ಯಾಸದಲ್ಲಿ ಮಾಡಿಸಿ, ಬೆನ್ನು ಮತ್ತು ಪಕ್ಕದ ಮರವನ್ನಷ್ಟೇ ಬದಲಾಯಿಸಲಾಗಿತ್ತು. ಬ್ರೆಜಿಲಿನ ರೋಸ್‌ವುಡ್, ಬೀಟೆ, ಮಹಾಗನಿ, ಮೇಪಲ್, ಸಪೀಲಿ, ವಾಲ್‌ನಟ್. ಯಾವ ಮರ ಎಂದು ಕಾಣದಂತೆ 52 ಗಿಟಾರ್ ವಾದಕರಿಗೆ ನುಡಿಸಲು ಕೊಟ್ಟಾಗ ಅವರು ಕೊಟ್ಟ ಅಂಕಗಳು ಒಂದಕ್ಕೊಂದು ಬಲು ಹತ್ತಿರ ಇದ್ದವು. ಅದು ಗಿಟಾರಿನ ಮೇಲಿನ ಪರೀಕ್ಷೆ, ಯುಕುಲೆಲೆಯದಲ್ಲ. ಆದರೂ ಬೆನ್ನು ಎದೆಗೆ ಒತ್ತಿಕೊಂಡೇ ನುಡಿಸುವ ಪುಟ್ಟ ವಾದ್ಯದಲ್ಲಿ ಬೆನ್ನುಹಲಗೆಯ ಹೆಸರು ಇದಕ್ಕಿಂತ ದೊಡ್ಡ ಪಾತ್ರ ವಹಿಸುತ್ತದೆ ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ. ಅಳಿವಿನ ಅಂಚಿನ ಮರಗಳ ವಿಷಯದಲ್ಲಿ ಇದು ಸಮಾಧಾನದ ಸಂಗತಿ. ಬ್ರೆಜಿಲಿನ ರೋಸ್‌ವುಡ್ 1992ರಿಂದ ಅಂತರರಾಷ್ಟ್ರೀಯ ವ್ಯಾಪಾರದ ಅತಿ ಬಿಗಿಯಾದ ಪಟ್ಟಿಯಲ್ಲಿದೆ, ಹೊಂಡುರಾಸ್ ಮಹಾಗನಿಯ ಮೇಲೂ 2003ರಿಂದ ನಿಗಾ ಇದೆ. ಬೆನ್ನಿಗೆ ಅವುಗಳೇ ಬೇಕೆಂದು ಹಟ ಹಿಡಿಯುವ ಅಗತ್ಯವಿಲ್ಲ. ಬೆನ್ನು ಗಟ್ಟಿಯಾಗಿ ನಿಂತು, ಶಕ್ತಿಯನ್ನು ನುಂಗದೆ ಮೇಲ್ಹಲಗೆಗೇ ಹಿಂದಿರುಗಿಸಿದರೆ ಸಾಕು.

ಪದರ ಹಲಗೆಯ ಯುಕುಲೆಲೆಗಳ ಬಗ್ಗೆ ತಾತ್ಸಾರ ಬೇಡ, ಆದರೆ ಅದು ಏನೆಂದು ತಿಳಿದಿರಬೇಕು. ಸಾಮಾನ್ಯವಾಗಿ ಮೂರು ತೆಳು ಪದರಗಳು, ನಡುವಿನದರ ನಾರು ಅಡ್ಡ ದಿಕ್ಕಿಗೆ. ಮೇಲೆ ಕಾಣುವ ಕೋಆ ಎಷ್ಟೋ ಸಲ ಅರ್ಧ ಮಿಲಿಮೀಟರೂ ಇರುವುದಿಲ್ಲ. ಹೆಸರು ಅದರದ್ದು, ದನಿ ಮೂರೂ ಪದರ ಮತ್ತು ಎರಡು ಅಂಟಿನ ಸಾಲಿನದ್ದು. ಉದ್ದಕ್ಕೆ ಬಿರುಸು ಕಡಿಮೆ, ಅಂಟು ಕಂಪನವನ್ನು ನುಂಗುತ್ತದೆ, ಹಲಗೆಯೂ ದಪ್ಪ. ಪ್ರತಿಯಾಗಿ ಅದು ಸೀಳುವುದಿಲ್ಲ, ತೇವಕ್ಕೆ ಅಷ್ಟಾಗಿ ಹೆದರುವುದಿಲ್ಲ. ಪ್ರಯಾಣಕ್ಕೆ, ಮಕ್ಕಳ ಕೈಗೆ, ಗಾಳಿಯ ತೇವ ಏರಿಳಿಯುವ ಜಾಗಕ್ಕೆ ಚೆನ್ನಾಗಿ ಕಟ್ಟಿದ ಪದರ ಹಲಗೆಯೇ ಸರಿ. ಯಾವುದು ಎಂದು ಗುರುತಿಸಲು ನಾದರಂಧ್ರದ ಅಂಚನ್ನು ಬೆಳಕಿನಲ್ಲಿ ನೋಡಿ. ಮೇಲ್ಮೈಯ ಗೆರೆ ಅಂಚನ್ನು ದಾಟಿ ಕೆಳಕ್ಕೆ ಹಾಗೇ ಮುಂದುವರಿದರೆ ಒಂಟಿ ಹಲಗೆ. ಅಂಚಿನಲ್ಲಿ ಸ್ಯಾಂಡ್‌ವಿಚ್ಚಿನಂತೆ ಅಡ್ಡ ಸಾಲು ಕಂಡರೆ ಪದರ ಹಲಗೆ. ಅಂಚಿಗೆ ಬಣ್ಣ ಬಳಿದು ಮುಚ್ಚಿದ್ದರೆ ಪುಟ್ಟ ಕನ್ನಡಿ ಒಳಗಿಟ್ಟು ಬೆನ್ನಿನ ಒಳಮೈ ನೋಡಿ, ಹೊರಗಿನ ಗಂಟು ಗೆರೆಗಳು ಒಳಗೂ ಅದೇ ಜಾಗದಲ್ಲಿವೆಯೇ ಎಂದು ಹೋಲಿಸಿ.

ಹೊಳಪಿನ ಲೇಪವೂ ಹಲಗೆಯ ಭಾಗವೇ. ಶೆಲಾಕ್ (ಅರಗು) ಉಜ್ಜಿದ ಪದರ ಕೂದಲೆಳೆಯಷ್ಟು. ದಪ್ಪನಾಗಿ ಸುರಿದ ಪಾಲಿಯುರೆಥೇನ್ ಅರ್ಧ ಮಿಲಿಮೀಟರಿನ ಹತ್ತಿರ ಹೋಗಬಹುದು. 1.6 ಮಿ.ಮೀ. ಮರದ ಮೇಲೆ ಅಷ್ಟು ಪ್ಲಾಸ್ಟಿಕ್ ಕೂತರೆ ತೂಕ ಏರುತ್ತದೆ, ಕಂಪನ ಸಾಯುತ್ತದೆ.

ತೇವದ ವಿಷಯ ದನಿಗಿಂತ ವಾದ್ಯದ ಆಯುಸ್ಸಿಗೆ ಸೇರಿದ್ದು ಎಂದು ತೋರುತ್ತದೆ, ಆದರೆ ಎರಡೂ ಒಂದೇ. ಮರ ನಾರಿಗೆ ಅಡ್ಡಲಾಗಿ ಹಿಗ್ಗಿ ಕುಗ್ಗುತ್ತದೆ, ಉದ್ದಕ್ಕೆ ಬಹುತೇಕ ಇಲ್ಲವೇ ಇಲ್ಲ. ಮೇಲ್ಹಲಗೆಗೆ ಅಡ್ಡ ಬ್ರೇಸು ಅಂಟಿಸುವುದೆಂದರೆ ಹಿಗ್ಗುವ ದಿಕ್ಕಿಗೆ ಹಿಗ್ಗದ ಪಟ್ಟಿಯನ್ನು ಕಟ್ಟಿಹಾಕಿದಂತೆ. ಗಾಳಿಯಲ್ಲಿ ತೇವ ನೂರಕ್ಕೆ 75 ಇರುವ ದಿನ ಬ್ರೇಸು ಅಂಟಿಸಿದರೆ ಹಲಗೆ ಆಗಲೇ ಹಿಗ್ಗಿ ಕೂತಿರುತ್ತದೆ. ಮುಂದೆ 35ಕ್ಕೆ ಇಳಿದಾಗ ಅದು ಕುಗ್ಗಲು ನೋಡುತ್ತದೆ, ಬ್ರೇಸು ಬಿಡುವುದಿಲ್ಲ. ಮೊದಲು ಉಬ್ಬು ಇಳಿದು ಹಲಗೆ ಚಪ್ಪಟೆಯಾಗುತ್ತದೆ, ತಂತಿ ಫಿಂಗರ್‌ಬೋರ್ಡಿನ ಅಡ್ಡ ಲೋಹದ ಪಟ್ಟಿಯಾದ ಫ್ರೆಟ್ಟಿಗೆ ತಗುಲಿ ಜಿರ್ ಎನ್ನುತ್ತದೆ, ಕೊನೆಗೆ ಹೆಚ್ಚಾಗಿ ಬ್ರಿಡ್ಜಿನ ತುದಿಯಿಂದ ಅಥವಾ ನಡುವಿನ ಬೆಸುಗೆಯಿಂದ ಸೀಳು ಹೊರಡುತ್ತದೆ. ಇದಕ್ಕಾಗಿಯೇ ಬ್ರೇಸು ಅಂಟಿಸುವ ಕೋಣೆ 45ರಿಂದ 50ರ ತೇವದಲ್ಲಿರಬೇಕು, ಹಲಗೆ ಕೆಲವು ದಿನ ಅದೇ ಕೋಣೆಯಲ್ಲಿ ಮಲಗಿರಬೇಕು. ಮುಗಿದ ವಾದ್ಯಕ್ಕೂ 45ರಿಂದ 55 ಹಿತ. ತೇವ ಹೆಚ್ಚಾದಾಗ ಹಲಗೆ ಭಾರವಾಗುತ್ತದೆ, ಮೆತ್ತಗಾಗುತ್ತದೆ. ಮಳೆಗಾಲದಲ್ಲಿ ದನಿ ಮಂಕಾಯಿತು ಎನ್ನುವವರ ಕಿವಿ ಸರಿಯಾಗಿಯೇ ಕೇಳಿಸಿಕೊಂಡಿದೆ. ಬಿಸಿಲಲ್ಲಿ ನಿಂತ ಕಾರಿನೊಳಗಂತೂ ಅಂಟೇ ಮೆತ್ತಗಾಗಿ ಬ್ರಿಡ್ಜ್ ಜಾರುತ್ತದೆ.

ಕೈಯಲ್ಲಿರುವ ಯುಕುಲೆಲೆಯ ದನಿ ಹಿಡಿಸದಿದ್ದರೆ ಮರವನ್ನು ಬೈಯುವ ಮುನ್ನ ತಂತಿ ಬದಲಾಯಿಸಿ. ಫ್ಲೋರೋಕಾರ್ಬನ್ ಎಂಬ ಪ್ಲಾಸ್ಟಿಕ್ಕಿನ ತಂತಿ ನೈಲಾನಿಗಿಂತ ಒಂದೂವರೆ ಪಟ್ಟು ಸಾಂದ್ರ, ಹಾಗಾಗಿ ಅದೇ ಸ್ವರಕ್ಕೆ ತೆಳುವಾದ ತಂತಿ ಸಾಕು. ತೆಳು ತಂತಿಯಲ್ಲಿ ಉಪಸ್ವರಗಳು ಹೆಚ್ಚು ಉಳಿಯುತ್ತವೆ. ಮಂಕು ಮಹಾಗನಿ ಇದರಿಂದಲೇ ಎದ್ದು ಕೂರಬಹುದು. ಆಮೇಲೆ ಸ್ಯಾಡಲ್ ಕೂತಿದೆಯೇ ನೋಡಿ. ಮೇಲ್ಹಲಗೆಯನ್ನು ಗೆಣ್ಣಿನಿಂದ ಹಗುರಾಗಿ ತಟ್ಟುತ್ತ ಹೋಗಿ. ಒಂದು ಜಾಗದಲ್ಲಿ ಟಪಟಪ ಎಂದು ಸಡಿಲ ಸದ್ದು ಬಂದರೆ ಅಲ್ಲಿ ಬ್ರೇಸಿನ ಅಂಟು ಬಿಟ್ಟಿದೆ. ಕೊನೆಗೆ ಕ್ಯಾಲಿಪರಿನಿಂದ ನಾದರಂಧ್ರದ ಅಂಚಿನ ದಪ್ಪ ಅಳೆಯಿರಿ. ಸೊಪ್ರಾನೊದಲ್ಲಿ 2.3 ಮಿ.ಮೀ. ಬಂದರೆ ಮಂಕುತನದ ಮೂಲ ಸಿಕ್ಕಿತು.

ಗಾಳಿಗೂ ಒಂದು ಸ್ವರವಿದೆ, ಅದರಲ್ಲಿ ಮರದ ಜಾತಿಯ ಪಾತ್ರ ಇಲ್ಲವೆಂದೇ ಹೇಳಬಹುದು. ನಾದರಂಧ್ರಕ್ಕೆ ಬಾಯಿ ಹತ್ತಿರ ತಂದು ಕೆಳಗಿನಿಂದ ಮೇಲಕ್ಕೆ ಗುನುಗುತ್ತ ಹೋದರೆ ಒಂದು ಸ್ವರದಲ್ಲಿ ಪೆಟ್ಟಿಗೆ ಇದ್ದಕ್ಕಿದ್ದಂತೆ ಗುಂಯ್ ಎನ್ನುತ್ತದೆ. ಅದನ್ನು ನಿರ್ಧರಿಸುವುದು ಮುಖ್ಯವಾಗಿ ಪೆಟ್ಟಿಗೆಯ ಒಳಗಿನ ಜಾಗ ಮತ್ತು ರಂಧ್ರದ ಗಾತ್ರ. ರಂಧ್ರದ ಕಾಲುಭಾಗವನ್ನು ರಟ್ಟಿನಿಂದ ಮುಚ್ಚಿದರೆ ಸ್ವರ ಕೆಳಗಿಳಿಯುತ್ತದೆ. ಈ ಗಾಳಿಯ ಸ್ವರವೋ ಮೇಲ್ಹಲಗೆಯ ಸ್ವಂತ ಸ್ವರವೋ ಯಾವುದಾದರೂ ಫ್ರೆಟ್ಟಿನ ಸ್ವರದ ಮೇಲೆ ಸರಿಯಾಗಿ ಕೂತುಬಿಟ್ಟರೆ ಆ ಫ್ರೆಟ್ಟೊಂದು ಉಳಿದವಕ್ಕಿಂತ ಜೋರಾಗಿ ಕೂಗಿ ಥಟ್ಟನೆ ಸಾಯುತ್ತದೆ. ಪ್ರತಿ ತಂತಿಯ ಪ್ರತಿ ಫ್ರೆಟ್ಟನ್ನೂ ಒಂದೇ ಬಲದಲ್ಲಿ ಮೀಟುತ್ತ ಹೋದರೆ ಅದು ತಾನಾಗಿ ಗೊತ್ತಾಗುತ್ತದೆ. ದೋಷ ಹಲಗೆಯದಾದರೆ, ಗೋಡೆಗೆ ಚಿತ್ರ ಅಂಟಿಸುವ ಮೆತ್ತನೆಯ ಅಂಟುಮಣ್ಣು 2 ಗ್ರಾಂ ತೆಗೆದುಕೊಂಡು ಬ್ರಿಡ್ಜಿನ ಹಿಂದೆ ಒತ್ತಿ ಮತ್ತೆ ಮೀಟಿ. ತೂಕ ಸೇರಿದಾಗ ಹಲಗೆಯ ಸ್ವರ ಕೆಳಗೆ ಸರಿಯುತ್ತದೆ. ಎರಡು ಫ್ರೆಟ್ಟುಗಳ ನಡುವಿನ ಸಂದಿಗೆ ಅದು ಜಾರಿದಾಗ ಎರಡೂ ಸ್ವರಗಳು ಸಮವಾಗಿ ಕೇಳುತ್ತವೆ. 1 ಗ್ರಾಂ ಸೇರಿಸಿ, ಅರ್ಧ ತೆಗೆದು, ಸರಿಯಾದ ತೂಕ ಕಂಡುಕೊಂಡ ಮೇಲೆ ಅಷ್ಟೇ ತೂಗುವ ಗಟ್ಟಿ ಮರದ ಪುಟ್ಟ ತುಂಡನ್ನು ಒಳಗಿನಿಂದ ಅದೇ ಜಾಗಕ್ಕೆ ಅಂಟಿಸಬಹುದು. ತೂಕ ಸೇರಿಸಿದಷ್ಟೂ ಕೆಡುತ್ತಿದ್ದರೆ ದಾರಿ ಎದುರು ದಿಕ್ಕಿನದು: ಬ್ರಿಡ್ಜಿನ ಎರಡು ರೆಕ್ಕೆಗಳನ್ನು ತೆಳ್ಳಗೆ ಕೀಸಿ ಒಂದೊಂದೇ ಗ್ರಾಂ ಇಳಿಸುತ್ತ, ಪ್ರತಿ ಸಲವೂ ತಂತಿ ಏರಿಸಿ ಕೇಳಬೇಕು.